ಡಿಸಿ-ಡಿಸಿ ಕನ್ವರ್ಟರ್ ಸಿಮ್ಯುಲೇಷನ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳೆಲ್ಲ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಬೇರೆ ಹೇಳದಿದ್ದರೆ ಉದಾಹರಣೆ ಒಂದೇ: 12 ವೋಲ್ಟ್‌ನಿಂದ 5 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್, 100 ಕಿಲೋಹರ್ಟ್ಸ್ ಸ್ವಿಚಿಂಗ್, 47 ಮೈಕ್ರೋಹೆನ್ರಿ ಇಂಡಕ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್, 2.5 ಓಮ್ ಲೋಡ್ (ಅಂದರೆ 2 ಆಂಪಿಯರ್). ಎಲ್‌ಟಿಸ್ಪೈಸ್, ಎನ್‌ಜಿಸ್ಪೈಸ್ ಥರದ ಸ್ಪೈಸ್ ಮನೆತನದ ಯಾವ ಸಿಮ್ಯುಲೇಟರ್ (ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ತಂತ್ರಾಂಶ) ಬಳಸಿದರೂ ಇಲ್ಲಿನ ಬಹುಪಾಲು ಮಾತು ಹೊಂದುತ್ತದೆ.

## ಈಗಷ್ಟೇ ಶುರು ಮಾಡಿದವರಿಗೆ

ಸರ್ಕ್ಯೂಟ್ ಬರೆದಾಯ್ತು, ರನ್ ಒತ್ತಿದ್ರೆ ಔಟ್‌ಪುಟ್ ಸೊನ್ನೆ. ಎಲ್ಲಿಂದ ಹುಡುಕಲಿ?

ಇನ್‌ಪುಟ್ ಕಡೆಯಿಂದ ಒಂದೊಂದೇ ಹೆಜ್ಜೆ ಇಡುತ್ತಾ ಬನ್ನಿ. ಮೊದಲು ಇನ್‌ಪುಟ್‌ನಲ್ಲಿ 12 ವೋಲ್ಟ್ ಇದೆಯಾ ನೋಡಿ. ಆಮೇಲೆ ಸ್ವಿಚ್ ಆಗಿ ಕೆಲಸ ಮಾಡುವ ಮಾಸ್‌ಫೆಟ್ ಟ್ರಾನ್ಸಿಸ್ಟರ್‌ನ ಗೇಟ್ ಮತ್ತು ಸೋರ್ಸ್ ನಡುವಿನ ವೋಲ್ಟೇಜ್ ನೋಡಿ, ಗೇಟ್ ಮತ್ತು ಗ್ರೌಂಡ್ ನಡುವಿನದ್ದಲ್ಲ. ನಂತರ ಸ್ವಿಚ್ ನೋಡ್, ಅಂದರೆ ಸ್ವಿಚ್, ಡಯೋಡ್, ಇಂಡಕ್ಟರ್ ಮೂರೂ ಕೂಡುವ ಜಾಗ. ಅಲ್ಲಿ 0 ಮತ್ತು 12ರ ನಡುವೆ ಚೌಕ ಅಲೆ ಕಾಣಬೇಕು. ಎಲ್ಲಿ ಅಲೆ ಕೆಡುತ್ತದೋ ತಪ್ಪು ಅಲ್ಲಿಗೂ ಅದರ ಹಿಂದಿನ ಹೆಜ್ಜೆಗೂ ನಡುವೆ ಇದೆ.

ಸಾಮಾನ್ಯವಾಗಿ ಸಿಗುವ ಕಳ್ಳರು ಮೂವರು. ಒಂದು, ತಲೆಕೆಳಗಾದ ಡಯೋಡ್: ಸ್ವಿಚ್ ನೋಡ್ 1 ವೋಲ್ಟ್ ಆಸುಪಾಸಿನಲ್ಲೇ ಸಿಕ್ಕಿಕೊಂಡು ಇನ್‌ಪುಟ್ ಕರೆಂಟ್ ಹುಚ್ಚೆದ್ದು ಏರಿದ್ದರೆ ಇವನೇ. ಎರಡು, ಮುಟ್ಟಿದ ಹಾಗೆ ಕಂಡು ಮುಟ್ಟದೇ ಇರುವ ತಂತಿ. ಮೂರು, ಕಾಗುಣಿತ ಬೇರೆಯಾದ ಲೇಬಲ್. ಒಂದೇ ನೋಡ್‌ಗೆ ಎರಡು ಕಡೆ ಒಂದಕ್ಷರ ಬೇರೆ ಬರೆದರೂ ಸಿಮ್ಯುಲೇಟರ್‌ಗೆ ಅವು ಎರಡು ಬೇರೆ ಬೇರೆ ನೋಡ್‌ಗಳೇ. ಅದು ತಕರಾರೂ ಮಾಡುವುದಿಲ್ಲ.

ರನ್ ಮಾಡೋ ಮುಂಚೆ ಲೆಕ್ಕ ಹಾಕ್ಲೇಬೇಕಾ? ಸಿಮ್ಯುಲೇಟರ್ ಇರೋದೇ ಅದಕ್ಕಲ್ವಾ?

ಹಾಕಲೇಬೇಕು, ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಏನು ಬರಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಬಂದದ್ದು ಸರಿಯೋ ತಪ್ಪೋ ಹೇಳುವುದು ಹೇಗೆ? ಐದು ನಿಮಿಷದ ಕೆಲಸ. ಡ್ಯೂಟಿ ಸೈಕಲ್ (ಪ್ರತಿ ಸೈಕಲ್‌ನಲ್ಲಿ ಸ್ವಿಚ್ ಆನ್ ಇರುವ ಪಾಲು) 5 ಭಾಗ 12, ಅಂದರೆ 0.417. ಸ್ವಿಚ್ ಆನ್ ಇರುವಾಗ ಇಂಡಕ್ಟರ್ ಮೇಲೆ 7 ವೋಲ್ಟ್ ಕೂರುತ್ತದೆ, ಅದೂ 4.17 ಮೈಕ್ರೋಸೆಕೆಂಡ್ ಕಾಲ. ಹಾಗಾಗಿ ಕರೆಂಟಿನ ಏರಿಳಿತ ಸುಮಾರು 0.62 ಆಂಪಿಯರ್. ಕೆಪಾಸಿಟರ್ ಆದರ್ಶವಾಗಿದ್ದರೆ ಔಟ್‌ಪುಟ್ ರಿಪಲ್ (ವೋಲ್ಟೇಜಿನ ಸಣ್ಣ ಏರಿಳಿತ) 8 ಮಿಲಿವೋಲ್ಟ್‌ಗಿಂತ ಕಡಿಮೆ. ಅದಕ್ಕೆ 50 ಮಿಲಿಓಮ್ ಇಎಸ್‌ಆರ್ (ಕೆಪಾಸಿಟರ್ ಒಳಗೇ ಇರುವ ರೆಸಿಸ್ಟೆನ್ಸ್) ಇದ್ದರೆ ಅದೊಂದರಿಂದಲೇ 31 ಮಿಲಿವೋಲ್ಟ್. ಇಂಡಕ್ಟರ್ ಮತ್ತು ಕೆಪಾಸಿಟರ್ ಸೇರಿದ ಅನುರಣನ 2.3 ಕಿಲೋಹರ್ಟ್ಸ್.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡಿ. ಮುಂದಿನ ಅರ್ಧ ಪ್ರಶ್ನೆಗಳಿಗೆ ಆ ಚೀಟಿಯೇ ಉತ್ತರ ಹೇಳುತ್ತದೆ.

ರೆಸಿಸ್ಟರ್‌ಗೆ ‘1 ಎಂ’ ಅಂತ ಕೊಟ್ಟಿದ್ದೆ. ಕರೆಂಟ್ ಸಾವಿರಗಟ್ಟಲೆ ಆಂಪಿಯರ್ ತೋರಿಸ್ತಿದೆ, ಯಾಕೆ?

ಸ್ಪೈಸ್ ದೊಡ್ಡಕ್ಷರ ಚಿಕ್ಕಕ್ಷರ ನೋಡುವುದಿಲ್ಲ. ನೀವು ಮೆಗಾಓಮ್ ಅಂದುಕೊಂಡು ಬರೆದ ‘ಎಂ’ ಅದಕ್ಕೆ ಮಿಲಿ. ನಿಮ್ಮ ರೆಸಿಸ್ಟರ್ ಈಗ 1 ಮಿಲಿಓಮ್. 5 ವೋಲ್ಟ್‌ಗೆ 5000 ಆಂಪಿಯರ್ ಸರಿಯಾದ ಉತ್ತರವೇ. ಮೆಗಾ ಬೇಕಿದ್ದರೆ ‘ಮೆಗ್’ ಎಂದು ಮೂರಕ್ಷರ ಪೂರ್ತಿ ಟೈಪ್ ಮಾಡಿ.

ಇದರ ತಮ್ಮ ಇನ್ನೊಬ್ಬ ಇದ್ದಾನೆ: ಕೆಪಾಸಿಟರ್‌ಗೆ 1 ಬರೆದು ಪಕ್ಕದಲ್ಲಿ ಫ್ಯಾರಡ್ ಅನ್ನುವುದಕ್ಕೆ ‘ಎಫ್’ ಹಾಕುವುದು. ಸ್ಪೈಸ್ ಅದನ್ನು ಫೆಮ್ಟೋ ಎಂದು ಓದುತ್ತದೆ, ಕೆಪಾಸಿಟರ್ ಇದ್ದೂ ಇಲ್ಲದಂತೆ. ನಾನು ಒಂದು ರಾತ್ರಿ ಪೂರ್ತಿ ಫೀಡ್‌ಬ್ಯಾಕ್ ಲೂಪ್ (ಔಟ್‌ಪುಟ್ ನೋಡಿಕೊಂಡು ಡ್ಯೂಟಿ ಸರಿಮಾಡುವ ಭಾಗ) ತಿದ್ದುತ್ತಾ ಕೂತಿದ್ದೆ. ಬೆಳಗ್ಗೆ ನೋಡಿದರೆ ಒಂದು ‘ಎಂ’.

ಡ್ಯೂಟಿ ಸರಿಯಾಗಿದೆ, ಸ್ವಿಚ್ಚೂ ಆನ್ ಆಫ್ ಆಗ್ತಿದೆ. ಆದ್ರೆ 5ರ ಬದಲು 3.9 ವೋಲ್ಟ್ ಬರ್ತಿದೆ.

ಮಾಸ್‌ಫೆಟ್ ಬದಲು ವೋಲ್ಟೇಜಿನಿಂದ ನಡೆಯುವ ಸ್ವಿಚ್ ಹಾಕಿದ್ದೀರಿ, ಮಾಡೆಲ್‌ನಲ್ಲಿ ಆನ್ ರೆಸಿಸ್ಟೆನ್ಸ್ ಬರೆದಿಲ್ಲ, ಅಲ್ವಾ? ಬರೆಯದೇ ಬಿಟ್ಟರೆ ಅದು 1 ಓಮ್. ಎಲ್ಲರೂ ಸೊನ್ನೆ ಅಂದುಕೊಳ್ಳುತ್ತಾರೆ. ಇದರ ಜೊತೆಗೆ ಮಾಡೆಲ್ ಕೊಡದ ಖಾಲಿ ಡಯೋಡ್ 2 ಆಂಪಿಯರ್‌ಗೆ 0.85 ವೋಲ್ಟ್ ತಿನ್ನುತ್ತದೆ. ಎರಡನ್ನೂ ಲೆಕ್ಕಕ್ಕೆ ಸೇರಿಸಿ ನೋಡಿ, 3.9 ವೋಲ್ಟ್ ಕಾಗದದ ಮೇಲೂ ಬರುತ್ತದೆ.

ಆನ್ ರೆಸಿಸ್ಟೆನ್ಸ್ 10 ಅಥವಾ 20 ಮಿಲಿಓಮ್ ಕೊಡಿ, ಡಯೋಡ್‌ಗೆ ಕಡಿಮೆ ವೋಲ್ಟೇಜ್ ತಿನ್ನುವ ಶಾಟ್ಕಿ ಡಯೋಡ್‌ನ ಒಂದು ಮಾಡೆಲ್ ಹಾಕಿ. ಸ್ವಿಚ್‌ನ ಥ್ರೆಶೋಲ್ಡ್ (ಯಾವ ವೋಲ್ಟೇಜಿಗೆ ಆನ್ ಆಗಬೇಕು ಅನ್ನುವ ಮಟ್ಟ) ಕೂಡ ಬರೆಯಿರಿ. ಅದೂ ಬರೆಯದಿದ್ದರೆ ಸೊನ್ನೆ. ಸೊನ್ನೆಗೂ 1 ವೋಲ್ಟ್‌ಗೂ ನಡುವೆ ಹಾರುವ ಪಲ್ಸ್‌ಗೆ ಸೊನ್ನೆಯ ಥ್ರೆಶೋಲ್ಡ್ ಇಟ್ಟರೆ ಸ್ವಿಚ್ ಆಫ್ ಆಗಿದೆಯೋ ಇಲ್ಲವೋ ದೇವರೇ ಬಲ್ಲ.

ಗೇಟಿಗೆ 10 ವೋಲ್ಟ್ ಪಲ್ಸ್ ಇದೆ, ಆದ್ರೂ ಮಾಸ್‌ಫೆಟ್ ಅರ್ಧಂಬರ್ಧ ಆನ್ ಆಗ್ತಿದೆ. ಮಾಡೆಲ್ ಕೆಟ್ಟಿದೆಯಾ?

ಮಾಡೆಲ್ ಪಾಪ ಸರಿಯಾಗೇ ಇದೆ. ಬಕ್‌ನಲ್ಲಿ ಎನ್-ಚಾನೆಲ್ ಮಾಸ್‌ಫೆಟ್ ಮೇಲೆ ಕೂತಿರುತ್ತದೆ, ಅದರ ಸೋರ್ಸ್ ಗ್ರೌಂಡ್‌ಗಲ್ಲ, ಸ್ವಿಚ್ ನೋಡ್‌ಗೆ ಸೇರಿದೆ. ಮಾಸ್‌ಫೆಟ್ ಆನ್ ಆಗುತ್ತಿದ್ದಂತೆ ಸೋರ್ಸ್ ಮೇಲೇಳುತ್ತದೆ. ಗ್ರೌಂಡ್‌ನಿಂದ ಅಳೆದ 10 ವೋಲ್ಟ್ ಗೇಟಿನಲ್ಲಿದ್ದು ಥ್ರೆಶೋಲ್ಡ್ 3 ವೋಲ್ಟ್ ಆದರೆ ಸೋರ್ಸ್ 7ನ್ನು ದಾಟುವುದೇ ಇಲ್ಲ. ಮಿಕ್ಕ 5 ವೋಲ್ಟ್ ಮಾಸ್‌ಫೆಟ್ ಮೇಲೆಯೇ ಬಿದ್ದು ಶಾಖವಾಗುತ್ತದೆ.

ಬೇಗ ಪರೀಕ್ಷಿಸಬೇಕಿದ್ದರೆ ಪಲ್ಸ್ ಮೂಲದ ಕೆಳತುದಿಯನ್ನು ಗ್ರೌಂಡ್‌ನಿಂದ ಕಿತ್ತು ಸೋರ್ಸ್‌ಗೆ ಕಟ್ಟಿ. ಸಿಮ್ಯುಲೇಷನ್‌ನಲ್ಲಿ ತೇಲುವ ಮೂಲ ಪುಕ್ಕಟೆ ಸಿಗುತ್ತದೆ. ನಿಜದ ಬೋರ್ಡ್‌ನಲ್ಲಿ ಆ ಕೆಲಸ ಬೂಟ್‌ಸ್ಟ್ರಾಪ್ ಡ್ರೈವರ್‌ದು. ನೀವು ಅದನ್ನೇ ಸಿಮ್ಯುಲೇಟ್ ಮಾಡುತ್ತಿದ್ದರೆ ಒಂದು ಎಚ್ಚರಿಕೆ: ಸ್ವಿಚ್ ನೋಡ್ ಕೆಳಗಿಳಿದಾಗ ಮಾತ್ರ ಬೂಟ್‌ಸ್ಟ್ರಾಪ್ ಕೆಪಾಸಿಟರ್ ತುಂಬುತ್ತದೆ. ಲೋಡ್ ಇಲ್ಲದೆ, ಔಟ್‌ಪುಟ್ ಮೊದಲೇ ತುಂಬಿದ್ದರೆ ಅದು ಇಳಿಯುವುದೇ ಇಲ್ಲ, ಕನ್ವರ್ಟರ್ ಎದ್ದೇಳುವುದೂ ಇಲ್ಲ.

ಶುರುವಿನಲ್ಲಿ ಔಟ್‌ಪುಟ್ 8 ವೋಲ್ಟ್‌ವರೆಗೆ ಜಿಗಿದು ಆಮೇಲೆ 5ಕ್ಕೆ ಬರ್ತಿದೆ. ಇದು ತಪ್ಪಾ?

ತಪ್ಪಲ್ಲ. ಫೀಡ್‌ಬ್ಯಾಕ್ ಇಲ್ಲದ ಬಕ್‌ಗೆ ಮೊದಲ ಕ್ಷಣದಿಂದಲೇ ಪೂರ್ತಿ ಡ್ಯೂಟಿ ಕೊಟ್ಟರೆ ಇಂಡಕ್ಟರ್-ಕೆಪಾಸಿಟರ್ ಜೋಡಿ ಉಯ್ಯಾಲೆಯಂತೆ ತೂಗುತ್ತದೆ. ನಮ್ಮ ಉದಾಹರಣೆಯಲ್ಲಿ 65 ಶೇಕಡಾದಷ್ಟು ಓವರ್‌ಶೂಟ್ ಲೆಕ್ಕದಲ್ಲೇ ಇದೆ. ಆ ಹೊತ್ತಿನಲ್ಲಿ ಇಂಡಕ್ಟರ್ ಕರೆಂಟ್ 8 ಆಂಪಿಯರ್ ಆಸುಪಾಸಿಗೆ ಹೋಗುವುದನ್ನೂ ನೋಡಿಕೊಳ್ಳಿ. 3 ಆಂಪಿಯರ್‌ಗೆ ಸ್ಯಾಚುರೇಟ್ ಆಗುವ, ಅಂದರೆ ಅದರಾಚೆ ಇಂಡಕ್ಟೆನ್ಸ್ ಕಳೆದುಕೊಳ್ಳುವ ಇಂಡಕ್ಟರ್ ಕೊಂಡಿದ್ದರೆ ಅಸಲಿ ಸಂಕಟ ಅಲ್ಲಿದೆ. ನಿಧಾನವಾಗಿ ಮೇಲೇರಿಸುವ ಸಾಫ್ಟ್ ಸ್ಟಾರ್ಟ್ ಇರುವುದು ಇದಕ್ಕೇ.

ಎಷ್ಟು ಹೊತ್ತು ರನ್ ಮಾಡ್ಬೇಕು, ಟೈಮ್‌ಸ್ಟೆಪ್ ಎಷ್ಟಿಡ್ಬೇಕು?

ಶುರುವಿನ ತೂಗಾಟ ಆರುವ ಕಾಲವನ್ನು ಲೋಡ್ ರೆಸಿಸ್ಟೆನ್ಸ್ ಮತ್ತು ಕೆಪಾಸಿಟರ್ ನಿರ್ಧರಿಸುತ್ತವೆ. ಇವೆರಡರ ಗುಣಲಬ್ಧದ ಎರಡು ಪಟ್ಟು, ಇಲ್ಲಿ 0.5 ಮಿಲಿಸೆಕೆಂಡ್. ಅದರ ಐದಾರು ಪಟ್ಟು ಬಿಡಿ, 3 ಮಿಲಿಸೆಕೆಂಡ್ ಸಾಕು. ಕೊನೆಯ ಎರಡು ತುಂಡುಗಳ ಸರಾಸರಿ ಒಂದೇ ಬಂದರೆ ಸ್ಥಿರವಾಗಿದೆ ಅಂತ ಅರ್ಥ.

ಗರಿಷ್ಠ ಟೈಮ್‌ಸ್ಟೆಪ್ ಒಂದು ಸೈಕಲ್‌ನ ನೂರನೇ ಒಂದು ಭಾಗ ಇರಲಿ: 10 ಮೈಕ್ರೋಸೆಕೆಂಡ್‌ಗೆ 100 ನ್ಯಾನೋಸೆಕೆಂಡ್. ಭಯಕ್ಕೆ 1 ನ್ಯಾನೋಸೆಕೆಂಡ್ ಇಡಬೇಡಿ, 5 ಮಿಲಿಸೆಕೆಂಡ್ ಓಟಕ್ಕೆ 50 ಲಕ್ಷ ಬಿಂದುಗಳಾಗುತ್ತವೆ.

## ಸಿಮ್ಯುಲೇಟರ್ ಬೈದಾಗ

‘ಸಿಂಗ್ಯುಲರ್ ಮ್ಯಾಟ್ರಿಕ್ಸ್’ ಅಂತ ಬಂದು ನಿಂತುಬಿಡ್ತು. ಏನರ್ಥ?

ಯಾವುದೋ ನೋಡ್‌ನ ವೋಲ್ಟೇಜ್ ಎಷ್ಟು ಎಂದು ಹೇಳಲು ಸಮೀಕರಣಗಳು ಸಾಲುತ್ತಿಲ್ಲ ಎಂದರ್ಥ. ಕಾರಣ ಹೆಚ್ಚಾಗಿ ಎರಡರಲ್ಲಿ ಒಂದು. ಗ್ರೌಂಡ್‌ಗೆ ಡಿಸಿ ದಾರಿಯೇ ಇಲ್ಲದ ನೋಡ್ ಇರಬೇಕು: ಎರಡು ಕೆಪಾಸಿಟರ್‌ಗಳ ನಡುವೆ ಸಿಕ್ಕಿಕೊಂಡ ಜಾಗ, ಅಥವಾ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟೆಡ್ ಕನ್ವರ್ಟರ್‌ನ ಸೆಕೆಂಡರಿ ಕಡೆ ಪೂರ್ತಿ. ಇಲ್ಲವೇ ಎರಡು ವೋಲ್ಟೇಜ್ ಮೂಲಗಳನ್ನು ನೇರವಾಗಿ ಒಂದಕ್ಕೊಂದು ಸಮಾಂತರವಾಗಿ ಕಟ್ಟಿರಬೇಕು.

ಸೆಕೆಂಡರಿಯ ಸಮಸ್ಯೆಗೆ ಅದರ ಗ್ರೌಂಡ್‌ನಿಂದ ಮುಖ್ಯ ಗ್ರೌಂಡ್‌ಗೆ 10 ಮೆಗಾಓಮ್ ರೆಸಿಸ್ಟರ್ ಹಾಕಿ, ಐಸೊಲೇಷನ್ ಕೆಡುವುದಿಲ್ಲ. ಸಂದೇಶದಲ್ಲಿ ನೋಡ್ ಹೆಸರು ಬಂದಿದ್ದರೆ ಅಲ್ಲಿಂದಲೇ ಶುರು ಮಾಡಿ. ಬಹಳ ಜನ ಆ ಹೆಸರನ್ನು ಓದುವುದೇ ಇಲ್ಲ.

‘ಟೈಮ್ ಸ್ಟೆಪ್ ಟೂ ಸ್ಮಾಲ್’ ಬಂತು. ಟೈಮ್‌ಸ್ಟೆಪ್ ಜಾಸ್ತಿ ಮಾಡಿದ್ರೂ ಹೋಗ್ತಿಲ್ಲ.

ಹೋಗುವುದಿಲ್ಲ, ಅದು ನೀವು ಕೊಟ್ಟ ಸ್ಟೆಪ್‌ನ ಮಾತಲ್ಲ. ಯಾವುದೋ ಕ್ಷಣದಲ್ಲಿ ಏನೋ ಥಟ್ಟನೆ ಬದಲಾಗಿದೆ, ಸಿಮ್ಯುಲೇಟರ್ ಆ ಅಂಚನ್ನು ಹಿಡಿಯಲು ಸ್ಟೆಪ್ ಚಿಕ್ಕದು ಮಾಡುತ್ತಾ ಮಾಡುತ್ತಾ ಕೊನೆಗೆ ಕೈಚೆಲ್ಲಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ, ಆ ಕ್ಷಣದಲ್ಲಿ ನನ್ನ ಸರ್ಕ್ಯೂಟ್‌ನಲ್ಲಿ ಪ್ರಕೃತಿಗೆ ಒಗ್ಗದ್ದು ಏನಾಯ್ತು ಅಂತ. ನಿಂತ ಸಮಯ ಸಂದೇಶದಲ್ಲಿರುತ್ತದೆ. ಅದಕ್ಕೆ ಸ್ವಲ್ಪ ಮುಂಚಿನವರೆಗೆ ರನ್ ಮಾಡಿ ವೇವ್‌ಫಾರ್ಮ್ ನೋಡಿ.

ಮೊದಲ ಅನುಮಾನ ಇಂಡಕ್ಟರ್ ಕರೆಂಟಿನ ಮೇಲೆ. ಸ್ವಿಚ್ ಆಫ್ ಆದಾಗ ಅದಕ್ಕೆ ಹೋಗಲು ದಾರಿ ಇದೆಯಾ? ಡಯೋಡ್ ಇಲ್ಲದಿದ್ದರೆ, ಅಥವಾ ಟ್ರಾನ್ಸ್‌ಫಾರ್ಮರ್‌ನ ಲೀಕೇಜ್‌ಗೆ (ಇನ್ನೊಂದು ಸುರುಳಿಗೆ ಬೆಸೆಯದೆ ಉಳಿದ ಇಂಡಕ್ಟೆನ್ಸ್) ವೋಲ್ಟೇಜ್ ತಡೆಯುವ ಕ್ಲಾಂಪ್ ಇಲ್ಲದಿದ್ದರೆ ವೋಲ್ಟೇಜ್ ಆಕಾಶಕ್ಕೆ ಹೋಗುತ್ತದೆ. ಎರಡನೆಯದು ಪಲ್ಸ್‌ನ ಏರುವ ಇಳಿಯುವ ಸಮಯ. ಸೊನ್ನೆ ಕೊಟ್ಟರೆ ಸಿಮ್ಯುಲೇಟರ್ ಸೊನ್ನೆ ಎಂದು ತಿಳಿಯುವುದಿಲ್ಲ, ತನ್ನದೇ ಡಿಫಾಲ್ಟ್ ಬೆಲೆ ಹಾಕಿಕೊಳ್ಳುತ್ತದೆ. ಫೆಮ್ಟೋಸೆಕೆಂಡ್ ಕೊಟ್ಟರೆ ಎಡವುತ್ತದೆ. 10 ಅಥವಾ 20 ನ್ಯಾನೋಸೆಕೆಂಡ್ ನಿಜಕ್ಕೂ ಹತ್ತಿರ, ಸಿಮ್ಯುಲೇಟರ್‌ಗೂ ಹಿತ. ಮೂರನೆಯದು ಅತಿ ಆದರ್ಶ ಬಿಡಿಭಾಗಗಳು. ಕೆಪಾಸಿಟರ್‌ಗೆ ಇಎಸ್‌ಆರ್ ಕೊಡಿ, ಇಂಡಕ್ಟರ್‌ಗೆ ಸುರುಳಿಯ ರೆಸಿಸ್ಟೆನ್ಸ್ ಕೊಡಿ, ಡಯೋಡ್ ಮೇಲೆ 10 ಓಮ್ ಮತ್ತು 470 ಪಿಕೋಫ್ಯಾರಡ್ ಸೇರಿದ, ಕುಣಿತ ತಗ್ಗಿಸುವ ಚಿಕ್ಕ ಸ್ನಬ್ಬರ್ ಇಡಿ. ಎಷ್ಟೋ ಸಲ ಇಷ್ಟಕ್ಕೇ ದಾರಿ ತೆರೆಯುತ್ತದೆ. ಸರ್ಕ್ಯೂಟ್ ನಿಜಕ್ಕೆ ಹತ್ತಿರವಾದಷ್ಟೂ ಸಿಮ್ಯುಲೇಟರ್‌ಗೆ ಸುಲಭ, ಕೇಳಲು ವಿಚಿತ್ರ ಅನಿಸಿದರೂ.

ಟಾಲರೆನ್ಸ್ ಸಡಿಲ ಮಾಡಿದ್ರೆ ಓಡುತ್ತೆ ಅಂತ ಹೇಳಿದ್ರು. ಮಾಡ್ಲಾ?

ಯಾವ ಟಾಲರೆನ್ಸ್ ಅನ್ನುವುದರ ಮೇಲೆ ಹೋಗುತ್ತದೆ. ಸ್ಪೈಸ್ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಐಸಿಗಳ ಒಳಗಿನ ಸರ್ಕ್ಯೂಟ್‌ಗಳಿಗಾಗಿ. ಅಲ್ಲಿ ಕರೆಂಟ್ ಮೈಕ್ರೋಆಂಪಿಯರ್‌ಗಳಲ್ಲಿ. ಆದ್ದರಿಂದಲೇ ‘ಆಬ್ಸ್‌ಟಾಲ್’ನ (ಕರೆಂಟಿನ ಲೆಕ್ಕದಲ್ಲಿ ಒಪ್ಪುವ ತಪ್ಪು) ಡಿಫಾಲ್ಟ್ 1 ಪಿಕೋಆಂಪಿಯರ್. ಹತ್ತಿಪ್ಪತ್ತು ಆಂಪಿಯರ್ ಓಡುವ ಕನ್ವರ್ಟರ್‌ಗೆ ಅಷ್ಟು ಬಿಗಿ ಬೇಕಿಲ್ಲ. ಅದನ್ನು ನ್ಯಾನೋಆಂಪಿಯರ್‌ಗೆ, ಬೇಕಿದ್ದರೆ ಮೈಕ್ರೋಆಂಪಿಯರ್‌ಗೂ ಸಡಿಲಿಸಿ, ಏನೂ ಕೆಡುವುದಿಲ್ಲ.

‘ರೆಲ್‌ಟಾಲ್’ (ಬೆಲೆಗೆ ಹೋಲಿಸಿ ಒಪ್ಪುವ ತಪ್ಪಿನ ಪಾಲು) ಮಾತ್ರ ಮುಟ್ಟಬೇಡಿ. ಡಿಫಾಲ್ಟ್ 0.001. ಅದನ್ನು 0.01 ಮಾಡಿದರೆ ಓಡುತ್ತದೆ ನಿಜ, ಆದರೆ 8 ಮಿಲಿವೋಲ್ಟ್ ರಿಪಲ್ ಅಳೆಯಲು ಹೊರಟವರು 5 ವೋಲ್ಟ್‌ನ ನೂರನೇ ಒಂದು ಭಾಗದ ತಪ್ಪನ್ನು ಒಪ್ಪಿಕೊಂಡಂತಾಯ್ತು. ಅಳತೆ ಯಾವುದು, ತಪ್ಪು ಯಾವುದು ಗೊತ್ತಾಗುವುದಿಲ್ಲ.

ಸ್ವಿಚ್ ನೋಡ್ ಕುಣೀತಿದೆ. ನಿಜವಾದ ರಿಂಗಿಂಗಾ, ಸಿಮ್ಯುಲೇಟರ್ ತಂಟೆನಾ?

ಗರಿಷ್ಠ ಟೈಮ್‌ಸ್ಟೆಪ್ ಅರ್ಧ ಮಾಡಿ ಮತ್ತೆ ಓಡಿಸಿ. ಕುಣಿತದ ಆವರ್ತನ ಹಾಗೇ ಇದ್ದರೆ ಅದು ಸರ್ಕ್ಯೂಟ್‌ನದ್ದು. ಬದಲಾದರೆ ಲೆಕ್ಕದ ವಿಧಾನದ್ದು. ಟ್ರೆಪಿಜಾಯ್ಡಲ್ ವಿಧಾನದಲ್ಲಿ ಒಂದು ಬಿಂದು ಮೇಲೆ, ಮುಂದಿನದು ಕೆಳಗೆ, ಹೀಗೆ ಗರಗಸದ ಹಲ್ಲಿನಂತೆ ಕಾಣುವುದುಂಟು. ಗೇರ್ ವಿಧಾನಕ್ಕೆ ಬದಲಿಸಿದರೆ ಅದು ಮಾಯ. ಆದರೆ ಗೇರ್ ನಿಜವಾದ ರಿಂಗಿಂಗನ್ನೂ ಕುಗ್ಗಿಸಿ ತೋರಿಸುತ್ತದೆ, ಅದಕ್ಕೇ ಅದನ್ನು ಕಾಯಂ ಇಡಬೇಡಿ.

ನಿಜವಾದದ್ದಕ್ಕೆ ಒಂದು ಗುರುತು: ಇಂಡಕ್ಟರ್ ಕರೆಂಟ್ ಸೊನ್ನೆಗೆ ಬಂದ ಮೇಲೆ ಸ್ವಿಚ್ ನೋಡ್ 5 ವೋಲ್ಟ್ ಸುತ್ತ ತೂಗಾಡಿದರೆ ಗಾಬರಿ ಬೇಡ. ಇಂಡಕ್ಟರ್ ಈಗ ಸ್ವಿಚ್ ಮತ್ತು ಡಯೋಡ್‌ನ ಚಿಕ್ಕ ಕೆಪಾಸಿಟೆನ್ಸ್ ಜೊತೆ ಆಡುತ್ತಿದೆ. 47 ಮೈಕ್ರೋಹೆನ್ರಿಗೆ 200 ಪಿಕೋಫ್ಯಾರಡ್ ಸೇರಿದರೆ 1.6 ಮೆಗಾಹರ್ಟ್ಸ್. ಆಸಿಲೋಸ್ಕೋಪ್‌ನಲ್ಲೂ ಇದೇ ಕಾಣುತ್ತದೆ.

5 ಮಿಲಿಸೆಕೆಂಡ್ ಓಡ್ಸೋಕೆ ಒಂದು ಗಂಟೆ ಆಗ್ತಿದೆ.

ತಯಾರಕರ ಕಂಟ್ರೋಲರ್ ಮಾಡೆಲ್ ಇದ್ದರೆ ಸಾಫ್ಟ್ ಸ್ಟಾರ್ಟ್ ಕೆಪಾಸಿಟರ್ ಬೆಲೆ ಹತ್ತನೇ ಒಂದು ಭಾಗ ಮಾಡಿ, ಅರ್ಧ ಸಮಯ ಅಲ್ಲೇ ಹೋಗುತ್ತಿರುತ್ತದೆ. ಶುರುವಿನ ಕಥೆ ಬೇಡವಾದರೆ ಕೆಪಾಸಿಟರ್‌ಗೆ 5 ವೋಲ್ಟ್, ಇಂಡಕ್ಟರ್‌ಗೆ 2 ಆಂಪಿಯರ್ ಆರಂಭಿಕ ಬೆಲೆ ಕೊಟ್ಟು ನೇರ ಸ್ಥಿರ ಸ್ಥಿತಿಯ ಹತ್ತಿರ ಇಳಿಯಿರಿ. ಬೇಕಾದ ನಾಲ್ಕು ಅಲೆಗಳನ್ನಷ್ಟೇ ಉಳಿಸಲು ಹೇಳಿ. ಗೇಟ್ ಡ್ರೈವರ್‌ನ ವಿವರ ಬೇಕಿಲ್ಲದ ಕೆಲಸಕ್ಕೆ ಅದನ್ನು ಕಿತ್ತು ಸರಳ ಪಲ್ಸ್ ಇಡಿ.

## ಸಂಖ್ಯೆಗಳ ಮೇಲೆ ಅನುಮಾನ ಬಂದಾಗ

ನನ್ನ ಎಫಿಶಿಯೆನ್ಸಿ 104 ಶೇಕಡಾ ಬಂತು. ನಗ್ಬೇಡಿ, ಎಲ್ಲಿ ತಪ್ಪಾಗಿದೆ ಹೇಳಿ.

ನಗುವುದಿಲ್ಲ, ನನಗೂ ಬಂದಿದೆ. ಓವರ್‌ಶೂಟ್ ಆಗಿ ಔಟ್‌ಪುಟ್ ಇಳಿಯುತ್ತಿರುವ ಹೊತ್ತಿನಲ್ಲಿ ಅಳೆದಿರುತ್ತೀರಿ. ಆಗ ಲೋಡ್‌ಗೆ ಹೋಗುವ ಶಕ್ತಿಯಲ್ಲಿ ಒಂದು ಪಾಲು ಕೆಪಾಸಿಟರ್ ಕೂಡಿಟ್ಟದ್ದು, ಇನ್‌ಪುಟ್‌ನಿಂದ ಬಂದದ್ದಲ್ಲ. ಸ್ಥಿರವಾದ ಮೇಲೆ, ಪೂರ್ಣ ಸೈಕಲ್‌ಗಳ ಮೇಲೆ ಮಾತ್ರ ಸರಾಸರಿ ತೆಗೆಯಿರಿ. ಇನ್ನೊಂದು ಕಾರಣ, ಗೇಟ್ ನಡೆಸುವ ಮೂಲದ ಶಕ್ತಿಯನ್ನು ಇನ್‌ಪುಟ್ ಲೆಕ್ಕಕ್ಕೆ ಸೇರಿಸದೇ ಇರುವುದು. ಇನ್‌ಪುಟ್ ಶಕ್ತಿ ಋಣಸಂಖ್ಯೆ ಬಂದರೆ ಮಾತ್ರ ಗಾಬರಿ ಬೇಡ. ಸ್ಪೈಸ್‌ನಲ್ಲಿ ವೋಲ್ಟೇಜ್ ಮೂಲದ ಧನ ತುದಿಯಿಂದ ಒಳಗೆ ಹೋಗುವ ಕರೆಂಟ್ ಧನ, ಆದ್ದರಿಂದ ಶಕ್ತಿ ಕೊಡುವ ಬ್ಯಾಟರಿ ಋಣವನ್ನೇ ತೋರಿಸಬೇಕು.

ನನಗೆ ಉಲ್ಟಾ, ಎಲ್ಲಾ ಆದರ್ಶ ಭಾಗ ಹಾಕಿದ್ರೂ 65 ಶೇಕಡಾ.

ಇನ್‌ಪುಟ್ ಕರೆಂಟಿನ ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ತೆಗೆದು 12ರಿಂದ ಗುಣಿಸಿದ್ದೀರಿ. ಬಕ್‌ನ ಇನ್‌ಪುಟ್ ಕರೆಂಟ್ ಪಲ್ಸ್ ಪಲ್ಸಾಗಿ ಬರುತ್ತದೆ: ಸುಮಾರು 2 ಆಂಪಿಯರ್, ಸಮಯದ 0.417 ಪಾಲು ಮಾತ್ರ. ಅದರ ಸರಾಸರಿ 0.83, ಆರ್‌ಎಂಎಸ್ 1.29. ನಿಜವಾದ ಶಕ್ತಿ 10 ವಾಟ್, ನಿಮ್ಮ ಲೆಕ್ಕದಲ್ಲಿ 15.5. ವೋಲ್ಟೇಜ್ ಮತ್ತು ಕರೆಂಟನ್ನು ಕ್ಷಣ ಕ್ಷಣಕ್ಕೆ ಗುಣಿಸಿ ಆಮೇಲೆ ಸರಾಸರಿ ತೆಗೆಯಿರಿ, ಯಾವತ್ತೂ ತಪ್ಪುವುದಿಲ್ಲ.

ಲೋಡ್ ಕಮ್ಮಿ ಮಾಡಿದ್ರೆ ವೋಲ್ಟೇಜ್ ಏರ್ತಾ ಹೋಗುತ್ತೆ, ಡ್ಯೂಟಿ ಮುಟ್ಟೇ ಇಲ್ಲ.

ಇಂಡಕ್ಟರ್ ಕರೆಂಟ್ ಪ್ರತಿ ಸೈಕಲ್‌ನಲ್ಲೂ ಸೊನ್ನೆ ಮುಟ್ಟಲು ಶುರುವಾಗಿದೆ, ಅಂದರೆ ಕನ್ವರ್ಟರ್ ಡಿಸ್‌ಕಂಟಿನ್ಯುಯಸ್ ಮೋಡ್‌ಗೆ ಬಂದಿದೆ. ಏರಿಳಿತ 0.62 ಆಂಪಿಯರ್ ಇರುವಾಗ ಲೋಡ್ ಅದರ ಅರ್ಧಕ್ಕಿಂತ, 0.31 ಆಂಪಿಯರ್‌ಗಿಂತ, ಕಡಿಮೆಯಾದರೆ ‘ಔಟ್‌ಪುಟ್ ಅಂದರೆ ಡ್ಯೂಟಿ ಗುಣಿಸು ಇನ್‌ಪುಟ್’ ಎಂಬ ಸೂತ್ರಕ್ಕೆ ಬೆಲೆ ಇಲ್ಲ. ಆದರ್ಶ ಭಾಗಗಳಿದ್ದು ಲೋಡ್ 100 ಓಮ್ ಆದರೆ ಇದೇ ಡ್ಯೂಟಿಗೆ 8.6 ವೋಲ್ಟ್ ಬರುತ್ತದೆ. ಲೋಡ್ ಕಿತ್ತೇ ಹಾಕಿದರೆ ನಿಧಾನವಾಗಿ 12ರ ಕಡೆ ನಡೆಯುತ್ತದೆ. ಫೀಡ್‌ಬ್ಯಾಕ್ ಇದ್ದರೆ ಅದೇ ಡ್ಯೂಟಿ ಇಳಿಸಿಕೊಳ್ಳುತ್ತದೆ. ಡಯೋಡ್ ಬದಲು ಎರಡನೇ ಮಾಸ್‌ಫೆಟ್ ಇದ್ದು ಅದು ಪೂರ್ತಿ ಆಫ್ ಕಾಲ ಆನ್ ಇದ್ದರೆ ಈ ಸಮಸ್ಯೆಯೇ ಇಲ್ಲ, ಕರೆಂಟ್ ಹಿಂದಕ್ಕೂ ಹರಿಯುತ್ತದೆ.

ಡಯೋಡ್ ತೆಗೆದು ಮಾಸ್‌ಫೆಟ್ ಹಾಕಿದೆ. ಪ್ರತಿ ಅಂಚಿನಲ್ಲೂ 600 ಆಂಪಿಯರ್ ಮುಳ್ಳು!

ಎರಡೂ ಮಾಸ್‌ಫೆಟ್ ಕ್ಷಣಕಾಲ ಒಟ್ಟಿಗೆ ಆನ್ ಆಗಿವೆ. 10 ಮಿಲಿಓಮ್‌ನ ಎರಡು ಮಾಸ್‌ಫೆಟ್ ಸಾಲಾಗಿ 12 ವೋಲ್ಟ್ ಮೇಲೆ ಬಿದ್ದರೆ 600 ಆಂಪಿಯರ್ ನಿಖರ ಉತ್ತರ. ಆದರ್ಶ ಮೂಲಕ್ಕೆ ಫ್ಯೂಸ್ ಇಲ್ಲ, ಕೊಟ್ಟೇ ಕೊಡುತ್ತದೆ. ಒಂದು ಪಲ್ಸನ್ನು ತಿರುಗಿಸಿ ಇನ್ನೊಂದಕ್ಕೆ ಕೊಟ್ಟರೆ ಸಾಲದು, ನಡುವೆ 30-50 ನ್ಯಾನೋಸೆಕೆಂಡ್ ಡೆಡ್ ಟೈಮ್ (ಎರಡೂ ಆಫ್ ಇರುವ ಬಿಡುವು) ಬಿಡಿ. ಅದಾದ ಮೇಲೂ ಕೆಲವು ಆಂಪಿಯರ್‌ನ ಸಣ್ಣ ಮುಳ್ಳು ಉಳಿದರೆ ಅದು ಮಾಸ್‌ಫೆಟ್ ಒಳಗೇ ಇರುವ ಬಾಡಿ ಡಯೋಡ್‌ನ ರಿವರ್ಸ್ ರಿಕವರಿ, ಅಂದರೆ ಆಫ್ ಆಗುವ ಮುನ್ನ ಕ್ಷಣಕಾಲ ಹಿಂದಕ್ಕೆ ಹರಿಯುವ ಕರೆಂಟ್. ಅದು ಬೋರ್ಡ್‌ನಲ್ಲೂ ಇರುತ್ತದೆ.

ಬೂಸ್ಟ್‌ನಲ್ಲಿ ಡ್ಯೂಟಿ 95 ಮಾಡಿದ್ರೆ 20 ಪಟ್ಟು ಬರ್ಬೇಕಿತ್ತು, 4 ಪಟ್ಟು ಬರ್ತಿದೆ.

ಬೂಸ್ಟ್ ಅಂದರೆ ವೋಲ್ಟೇಜ್ ಏರಿಸುವ ಕನ್ವರ್ಟರ್. ಅದಕ್ಕೆ ಪುಸ್ತಕದ ಸೂತ್ರ ಇಂಡಕ್ಟರ್‌ನ ರೆಸಿಸ್ಟೆನ್ಸ್ ಸೊನ್ನೆ ಎಂದುಕೊಳ್ಳುತ್ತದೆ. ಲೋಡ್ 10 ಓಮ್, ಸುರುಳಿ 0.1 ಓಮ್ ಇದ್ದರೆ ಎಷ್ಟೇ ತಿಪ್ಪರಲಾಗ ಹಾಕಿದರೂ 5 ಪಟ್ಟಿಗಿಂತ ಮೇಲೆ ಹೋಗುವುದಿಲ್ಲ, ಅದೂ ಡ್ಯೂಟಿ 0.9ರಲ್ಲಿ. ಅದನ್ನು ದಾಟಿದರೆ ಔಟ್‌ಪುಟ್ ಇಳಿಯುತ್ತದೆ. 0.95ಕ್ಕೆ 4 ಪಟ್ಟು ಸರಿಯೇ. ಫೀಡ್‌ಬ್ಯಾಕ್ ಇದ್ದಾಗ ಈ ಗುಡ್ಡದ ಆಚೆ ಬದಿಗೆ ಜಾರಿದರೆ ಕಂಟ್ರೋಲರ್ ಡ್ಯೂಟಿ ಏರಿಸುತ್ತಲೇ ಹೋಗಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಗರಿಷ್ಠ ಡ್ಯೂಟಿಗೆ ಮಿತಿ ಹಾಕಿ.

ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಸುತ್ತು 1ಕ್ಕೆ 2 ಬೇಕು, ಇಂಡಕ್ಟೆನ್ಸ್ 1ಕ್ಕೆ 2 ಇಟ್ಟೆ. ವೋಲ್ಟೇಜ್ ಸರಿ ಬರ್ತಿಲ್ಲ.

ಇಂಡಕ್ಟೆನ್ಸ್ ಸುತ್ತುಗಳ ವರ್ಗಕ್ಕೆ ತಕ್ಕಂತೆ ಹೋಗುತ್ತದೆ. ಸುತ್ತು 1ಕ್ಕೆ 2 ಅಂದರೆ ಇಂಡಕ್ಟೆನ್ಸ್ 1ಕ್ಕೆ 4. ಸುರುಳಿಯ ದಿಕ್ಕು ಹೇಳುವ ಚುಕ್ಕೆಗಳನ್ನೂ ನೋಡಿ. ಫ್ಲೈಬ್ಯಾಕ್ ಅಂದರೆ ಸ್ವಿಚ್ ಆನ್ ಇದ್ದಾಗ ಟ್ರಾನ್ಸ್‌ಫಾರ್ಮರ್‌ನಲ್ಲಿ ಶಕ್ತಿ ಕೂಡಿಟ್ಟು, ಆಫ್ ಆದಾಗ ಸೆಕೆಂಡರಿಗೆ ಕೊಡುವ ಕನ್ವರ್ಟರ್. ಫ್ಲೈಬ್ಯಾಕ್‌ನಲ್ಲಿ ಸ್ವಿಚ್ ಆನ್ ಇದ್ದಾಗ ಸೆಕೆಂಡರಿ ಡಯೋಡ್ ನಡೆಯಬಾರದು. ಕಪ್ಲಿಂಗ್ 1 ಇಟ್ಟರೆ ಎಲ್ಲ ಚೆಂದ ಕಾಣುತ್ತದೆ, ಯಾಕೆಂದರೆ ಲೀಕೇಜ್ ಇಲ್ಲವೇ ಇಲ್ಲ. 0.98 ಮಾಡಿ ನೋಡಿ, ಮಾಸ್‌ಫೆಟ್‌ನ ಡ್ರೈನ್ ಮೇಲೆ ಏಳುವ ಮುಳ್ಳು ನೋಡಿದ ಮೇಲೆ ಕ್ಲಾಂಪ್ ಯಾಕೆ ಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ.

## ಲೂಪ್ ಮುಚ್ಚಿದ ಮೇಲೆ

ಬೋಡ್ ಪ್ಲಾಟ್‌ಗೆ ಎಸಿ ಅನಾಲಿಸಿಸ್ ಓಡಿಸಿದೆ. ಚಪ್ಪಟೆ ಗೆರೆ ಬಂತು.

ಬೋಡ್ ಪ್ಲಾಟ್ ಅಂದರೆ ಆವರ್ತನ ಬದಲಾದಂತೆ ಗೇನ್ ಮತ್ತು ಫೇಸ್ ಹೇಗೆ ಬದಲಾಗುತ್ತವೆ ಅನ್ನುವ ಗ್ರಾಫ್. ಎಸಿ ಅನಾಲಿಸಿಸ್ ಮೊದಲು ಒಂದು ಡಿಸಿ ಸ್ಥಿತಿ ಹುಡುಕಿ, ಅದರ ಸುತ್ತ ಸರ್ಕ್ಯೂಟನ್ನು ನೇರಗೆರೆಯಾಗಿಸುತ್ತದೆ. ನಿಮ್ಮ ಸ್ವಿಚ್ ಆ ಹೊತ್ತಿಗೆ ಆನ್ ಆಗಿರುತ್ತದೆ, ಇಲ್ಲವೇ ಆಫ್. ಸ್ವಿಚಿಂಗ್ ಅನ್ನುವುದೇ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಬಂದ ಗೆರೆಗೂ ನಿಮ್ಮ ಕನ್ವರ್ಟರ್‌ಗೂ ಸಂಬಂಧ ಇಲ್ಲ.

ದಾರಿ ಎರಡು. ಒಂದು, ಸ್ವಿಚಿಂಗ್ ಬಿಟ್ಟು ಪ್ರತಿ ಸೈಕಲ್‌ನ ಸರಾಸರಿಯನ್ನಷ್ಟೇ ನೋಡುವ ಸರಾಸರಿ ಮಾಡೆಲ್. 1976ರಲ್ಲಿ ಮಿಡಲ್‌ಬ್ರೂಕ್ ಮತ್ತು ಚುಕ್ ಸ್ಟೇಟ್-ಸ್ಪೇಸ್ ಸರಾಸರಿ ವಿಧಾನ ಕೊಟ್ಟರು. 1990ರಲ್ಲಿ ವೊರ್ಪೇರಿಯನ್ ಬರೆದ ಪಿಡಬ್ಲ್ಯುಎಂ (ಪಲ್ಸ್‌ನ ಅಗಲ ಬದಲಿಸಿ ನಡೆಸುವ) ಸ್ವಿಚ್ ಮಾಡೆಲ್ ಇನ್ನೂ ಸಲೀಸು. ಸ್ವಿಚ್ ಮತ್ತು ಡಯೋಡ್ ಕಿತ್ತು ಆ ಜಾಗದಲ್ಲಿ ಮೂರು ಕಾಲಿನ ಒಂದು ಬ್ಲಾಕ್ ಕೂರಿಸಿದರಾಯ್ತು. ಆಮೇಲೆ ಎಸಿ ಅನಾಲಿಸಿಸ್ ಕ್ಷಣದಲ್ಲಿ ಮುಗಿಯುತ್ತದೆ. ಎರಡನೆಯದು, ಸ್ವಿಚಿಂಗ್ ಸರ್ಕ್ಯೂಟ್ ಹಾಗೇ ಇಟ್ಟು ಔಟ್‌ಪುಟ್ ಮತ್ತು ಫೀಡ್‌ಬ್ಯಾಕ್ ಡಿವೈಡರ್ ನಡುವೆ 10-20 ಮಿಲಿವೋಲ್ಟ್‌ನ ಸೈನ್ ಅಲೆ ಸಾಲಿನಲ್ಲಿ ತೂರಿಸಿ, ಅದರ ಎರಡೂ ಬದಿಯ ವೋಲ್ಟೇಜಿನ ಅನುಪಾತ ಅಳೆಯುವುದು. ಒಂದೊಂದು ಆವರ್ತನಕ್ಕೂ ಒಂದೊಂದು ಓಟ ಬೇಕು, ತಾಳ್ಮೆ ಬೇಡುವ ಕೆಲಸ. ನಾನು ಮೊದಲನೆಯದನ್ನು ಮಾಡಿ, ಎರಡನೆಯದರಿಂದ ಎರಡು ಮೂರು ಬಿಂದು ಮಾತ್ರ ತಾಳೆ ನೋಡುತ್ತೇನೆ.

ಒಂದು ಪಲ್ಸ್ ಅಗಲ, ಮುಂದಿನದು ಸಪೂರ, ಹೀಗೇ ನಡೀತಿದೆ. ಕಾಂಪೆನ್ಸೇಷನ್ ಎಷ್ಟು ತಿದ್ದಿದ್ರೂ ಹೋಗ್ತಿಲ್ಲ.

ಪೀಕ್ ಕರೆಂಟ್ ಮೋಡ್ (ಇಂಡಕ್ಟರ್ ಕರೆಂಟ್ ಒಂದು ಮಟ್ಟ ಮುಟ್ಟಿದೊಡನೆ ಸ್ವಿಚ್ ಆಫ್ ಮಾಡುವ ವಿಧಾನ) ಬಳಸುತ್ತಿದ್ದು ಡ್ಯೂಟಿ 0.5 ದಾಟಿದೆಯಾ? ಹಾಗಾದರೆ ಇದು ಸಬ್‌ಹಾರ್ಮೋನಿಕ್ ಆಸಿಲೇಷನ್, ಹೊರಗಿನ ಲೂಪ್ ತಿದ್ದಿ ಪ್ರಯೋಜನ ಇಲ್ಲ. ನಮ್ಮ ಉದಾಹರಣೆ 12 ವೋಲ್ಟ್‌ನಲ್ಲಿ ಸುಮ್ಮನಿದ್ದು, ಇನ್‌ಪುಟ್ 9 ವೋಲ್ಟ್‌ಗೆ ಇಳಿದಾಗ (ಡ್ಯೂಟಿ 0.56) ಹೀಗೆ ಆಡುತ್ತದೆ. ಕರೆಂಟ್ ಸಿಗ್ನಲ್‌ಗೆ ಸ್ಲೋಪ್ ಕಾಂಪೆನ್ಸೇಷನ್, ಅಂದರೆ ಪ್ರತಿ ಸೈಕಲ್‌ನಲ್ಲೂ ಏರುವ ಒಂದು ಇಳಿಜಾರು ಅಲೆ, ಸೇರಿಸಿ. ಕನಿಷ್ಠ, ಇಂಡಕ್ಟರ್ ಕರೆಂಟ್ ಇಳಿಯುವ ವೇಗದ ಅರ್ಧ. ಇಲ್ಲಿ ಇಳಿಯುವ ವೇಗ ಮೈಕ್ರೋಸೆಕೆಂಡ್‌ಗೆ 0.106 ಆಂಪಿಯರ್, ಆದ್ದರಿಂದ 0.053 ಬೇಕೇ ಬೇಕು, ಸ್ವಲ್ಪ ಜಾಸ್ತಿಯೇ ಇಡಿ.

ಬಕ್‌ಗೆ ಸರಿಹೋದ ಕಾಂಪೆನ್ಸೇಟರನ್ನೇ ಬೂಸ್ಟ್‌ಗೆ ಹಾಕಿದೆ. ಯದ್ವಾತದ್ವಾ ಓಲಾಡ್ತಿದೆ.

ಬೂಸ್ಟ್‌ಗೆ ಬಲಬದಿಯ ಝೀರೋ ಎನ್ನುವ ಒಂದು ಕೆಟ್ಟ ಗುಣ ಇದೆ. ಔಟ್‌ಪುಟ್ ಇಳಿಯಿತು ಎಂದು ಡ್ಯೂಟಿ ಏರಿಸಿದರೆ, ಡಯೋಡ್ ನಡೆಯುವ ಸಮಯ ಕಡಿಮೆಯಾಗಿ ಔಟ್‌ಪುಟ್ ಮೊದಲು ಇನ್ನಷ್ಟು ಇಳಿಯುತ್ತದೆ, ಆಮೇಲೆ ಏರುತ್ತದೆ. ಅವಸರದ ಕಂಟ್ರೋಲರ್ ಇದರಿಂದ ದಾರಿ ತಪ್ಪುತ್ತದೆ. 5ರಿಂದ 12 ವೋಲ್ಟ್, 1 ಆಂಪಿಯರ್, 22 ಮೈಕ್ರೋಹೆನ್ರಿ ಇದ್ದರೆ ಆ ಝೀರೋ 15 ಕಿಲೋಹರ್ಟ್ಸ್‌ನಲ್ಲಿ ಕೂತಿರುತ್ತದೆ. ಲೂಪ್‌ನ ಕ್ರಾಸೋವರ್ (ಗೇನ್ 1ಕ್ಕೆ ಇಳಿಯುವ ಆವರ್ತನ) ಅದರ ಮೂರನೇ ಅಥವಾ ಐದನೇ ಒಂದು ಭಾಗದ ಒಳಗಿರಲಿ, 3ರಿಂದ 5 ಕಿಲೋಹರ್ಟ್ಸ್. ಇನ್‌ಪುಟ್ ಅತಿ ಕಡಿಮೆ, ಲೋಡ್ ಅತಿ ಜಾಸ್ತಿ ಇರುವ ಮೂಲೆಯಲ್ಲಿ ಲೆಕ್ಕ ಹಾಕಿ, ಅಲ್ಲೇ ಝೀರೋ ಅತಿ ಕೆಳಗೆ ಬರುವುದು.

ಎಲ್ಲಾ ಸರಿ ಇತ್ತು. ಇನ್‌ಪುಟ್‌ಗೆ ಎಲ್‌ಸಿ ಫಿಲ್ಟರ್ ಸೇರಿಸಿದ್ದೇ ತಡ ಆಸಿಲೇಷನ್ ಶುರು.

ವೋಲ್ಟೇಜ್ ಕಾಯುವ ಕನ್ವರ್ಟರ್ ಇನ್‌ಪುಟ್ ಇಳಿದರೆ ಕರೆಂಟ್ ಜಾಸ್ತಿ ಎಳೆಯುತ್ತದೆ, ಋಣ ರೆಸಿಸ್ಟೆನ್ಸ್‌ನಂತೆ. 12 ವೋಲ್ಟ್, 10 ವಾಟ್‌ಗೆ ಅದು ಋಣ 14.4 ಓಮ್. ಫಿಲ್ಟರ್‌ನ ಔಟ್‌ಪುಟ್ ಇಂಪೀಡೆನ್ಸ್ ತನ್ನ ಅನುರಣನದಲ್ಲಿ ಇದಕ್ಕಿಂತ ಮೇಲೆ ಎದ್ದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಸಿಮ್ಯುಲೇಷನ್‌ನಲ್ಲಿ ಇದು ಹೆಚ್ಚಾಗಿ ಕಾಣುತ್ತದೆ, ಏಕೆಂದರೆ ಆದರ್ಶ ಎಲ್ ಮತ್ತು ಸಿ ಜೋಡಿಗೆ ತಗ್ಗಿಸುವ ರೆಸಿಸ್ಟೆನ್ಸೇ ಇಲ್ಲ. 10 ಮೈಕ್ರೋಹೆನ್ರಿ, 10 ಮೈಕ್ರೋಫ್ಯಾರಡ್ ಫಿಲ್ಟರ್ ಆದರೆ ಅದರ ಕೆಪಾಸಿಟರ್‌ಗೆ ಸಮಾಂತರವಾಗಿ 47 ಮೈಕ್ರೋಫ್ಯಾರಡ್ ಮತ್ತು 1 ಓಮ್ ಸಾಲಾಗಿ ಕಟ್ಟಿ ನೋಡಿ.

ಸಿಮ್ಯುಲೇಷನ್‌ನಲ್ಲಿ ಚೆನ್ನಾಗಿ ಓಡ್ತು, ಬೋರ್ಡ್‌ನಲ್ಲಿ ಮಾಸ್‌ಫೆಟ್ ಸತ್ತೋಯ್ತು. ಸಿಮ್ಯುಲೇಷನ್‌ಗೆ ಏನು ಸೇರಿಸ್ಲಿ?

ಮೊದಲು ತಂತಿಯ ಇಂಡಕ್ಟೆನ್ಸ್. ಇನ್‌ಪುಟ್ ಕೆಪಾಸಿಟರ್, ಮೇಲಿನ ಸ್ವಿಚ್, ಡಯೋಡ್ ಸೇರಿದ ಸುತ್ತಿನಲ್ಲಿ 20 ನ್ಯಾನೋಹೆನ್ರಿ ಹಾಕಿ. 2 ಆಂಪಿಯರ್ 5 ನ್ಯಾನೋಸೆಕೆಂಡ್‌ನಲ್ಲಿ ನಿಂತರೆ 8 ವೋಲ್ಟ್ ಮುಳ್ಳು ಏಳುತ್ತದೆ, ಮಾಸ್‌ಫೆಟ್ 12ರ ಬದಲು 20 ವೋಲ್ಟ್ ನೋಡುತ್ತದೆ. ಶಾರ್ಟ್ ಸರ್ಕ್ಯೂಟ್ ಹೊತ್ತಿನಲ್ಲಿ ಕರೆಂಟ್ ಇದರ ಹಲವು ಪಟ್ಟು, ಮುಳ್ಳೂ ಅಷ್ಟೇ ಪಟ್ಟು.

ಎರಡನೆಯದು, ಸೆರಾಮಿಕ್ ಕೆಪಾಸಿಟರ್ ಡಿಸಿ ವೋಲ್ಟೇಜ್ ಬಿದ್ದಾಗ ಕುಗ್ಗುತ್ತದೆ. ಹೊದಿಕೆಯ ಮೇಲೆ ಬರೆದ ಬೆಲೆಯ ಅರ್ಧಕ್ಕಿಂತ ಕಡಿಮೆ ಉಳಿಯುವುದೂ ಉಂಟು, ತಯಾರಕರ ಗ್ರಾಫ್ ನೋಡಿ ಆ ಬೆಲೆಯನ್ನೇ ಸಿಮ್ಯುಲೇಷನ್‌ಗೆ ಕೊಡಿ. ಮೂರನೆಯದು ಸ್ಯಾಚುರೇಷನ್. ಸಾಮಾನ್ಯ ಇಂಡಕ್ಟರ್ ಮಾಡೆಲ್ 100 ಆಂಪಿಯರ್‌ಗೂ 47 ಮೈಕ್ರೋಹೆನ್ರಿಯೇ. ನಿಜದ್ದು ಸ್ಯಾಚುರೇಟ್ ಆದ ಮೇಲೆ ಬಹುತೇಕ ಬರೀ ತಂತಿ. ಸ್ಯಾಚುರೇಷನ್ ಮಾಡೆಲ್ ಸಿಗದಿದ್ದರೆ ಇಂಡಕ್ಟೆನ್ಸನ್ನು ಕಾಲು ಭಾಗ ಮಾಡಿ ಒಮ್ಮೆ ಓಡಿಸಿ, ಕರೆಂಟ್ ಲಿಮಿಟ್ ಸಮಯಕ್ಕೆ ಸರಿಯಾಗಿ ಸ್ವಿಚ್ ಆಫ್ ಮಾಡುತ್ತದೆಯಾ ನೋಡಿ. ಮಾಡದಿದ್ದರೆ ಮುಂದಿನ ಮಾಸ್‌ಫೆಟ್ಟನ್ನೂ ಈಗಲೇ ಬೋರ್ಡ್‌ಗೆ ಬೆಸೆಯಬೇಡಿ.